ನಾಲ್ಕನೆಯ ಮಶೀನಿನ ಬೆಳಕು

ನೂರು ಹಾಳೆಯ ಒಂದು ವಹಿ, ಹತ್ತು ಫ್ಲಾಪಿಗಳ ಒಂದು ಡಬ್ಬಿ, ಅಂಗಡಿ ಮುಚ್ಚಿ ಕೂತ ಎರಡು ಮಧ್ಯಾಹ್ನ. ಎಲ್ಲಾ ಸೇರಿ ಮುನ್ನೂರು ರೂಪಾಯಿಯ ಒಳಗೇ ಮುಗಿದಿತ್ತು. ಗಿರಾಕಿಗಳ ಜಗಳ ನಿಲ್ಲಲಿ ಎಂದು ಮಾಡಿದ ಖರ್ಚು ಅದು. ಜಗಳ ನಿಂತಿತು. ಖಾನಾಪುರದ ಯಲ್ಲಪ್ಪನಿಗೆ ಅದರಿಂದ ಏನು ಹೋಯಿತು ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಈಗ ನಾನು ಹಳೆಯ ಕಂಪ್ಯೂಟರುಗಳನ್ನು ಸಗಟಾಗಿ ಎತ್ತಿ, ಬಿಚ್ಚಿ, ಬಿಡಿಬಿಡಿಯಾಗಿ ಮಾರುವವನು. ಹೋದ ಮಳೆಗಾಲದಲ್ಲಿ ಬೆಳಗಾವಿಯ ಹತ್ತಿರದ ಮಚ್ಛೆಯ ಒಂದು ಗೋದಾಮಿನಲ್ಲಿ ಇಂಥದೇ ಒಂದು ಲಾಟು ನೋಡಲು ಹೋಗಿದ್ದೆ. ಮೂಲೆಯಲ್ಲಿ ಮೂರು ಹಳೇ ಕಾಲದ ಡೊಳ್ಳುಹೊಟ್ಟೆಯ ಮಾನಿಟರುಗಳಿದ್ದವು. ಹಚ್ಚಿ ನೋಡದೆ ಯಾವುದಕ್ಕೂ ದರ ಕಟ್ಟಬಾರದು. ಈ ಧಂದೆಗೆ ಹೊಸದಾಗಿ ಬರುವವರಿಗೆ ನಾನು ಹೇಳುವ ಮೊದಲ ಮಾತೇ ಅದು. ಹಾಗಾಗಿ ಒಂದಕ್ಕೆ ವಯರು ಚುಚ್ಚಿದೆ. ಹೊರಗೆ ಜಿಟಿಜಿಟಿ ಮಳೆ. ಪರದೆ ಕಾಯುತ್ತಿದ್ದಂತೆ ಒಳಗಿನ ಧೂಳು ಸುಡುವ ವಾಸನೆ ಎದ್ದಿತು. ಬಾಗಿಲಲ್ಲಿ ಕಾಲೊರೆಸಲು ಹಾಸಿದ್ದ ಗೋಣಿತಾಟು ನೆನೆದ ವಾಸನೆ ಅದಕ್ಕೆ ಕೂಡಿಕೊಂಡಿತು. ಮಳೆಗಾಲದಲ್ಲಿ ನನ್ನ ಹಳೆಯ ಅಂಗಡಿಯಲ್ಲಿದ್ದದ್ದು ಇದೇ ವಾಸನೆ. ನನಗೆ ಆ ಗೋದಾಮಿನಲ್ಲಿ ನಿಲ್ಲಲಾಗಲಿಲ್ಲ. ಅರ್ಧಕ್ಕೆ ಬಂದಿದ್ದ ಚೌಕಾಸಿಯನ್ನು ಅಲ್ಲೇ ಬಿಟ್ಟು, ಮಾರುವವನು ಹೇಳಿದ ದರಕ್ಕೇ ಹೂಂ ಅಂದು ಹೊರಬಿದ್ದೆ. ನನ್ನನ್ನು ಬಲ್ಲವರಿಗೆ ಹೇಳಿದರೆ ನಂಬುವುದಿಲ್ಲ.

ಎರಡು ಸಾವಿರದ ಇಸವಿಯ ಮಳೆಗಾಲದಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿ, ಸ್ಟೇಶನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಓಣಿಯಲ್ಲಿ ನನ್ನದೊಂದು ಆಟದ ಅಂಗಡಿ ಇತ್ತು. ಆರು ಕಂಪ್ಯೂಟರು. ನಾವು ಅವನ್ನು ಮಶೀನು ಎಂದೇ ಕರೆಯುತ್ತಿದ್ದೆವು. ಒಂದೂ ಹೊಸದಲ್ಲ, ಮುಂಬೈಯಿಂದ ಒಂದೊಂದಾಗಿ ತಂದು, ಕೂಡಿಸಿ, ಎಬ್ಬಿಸಿ ನಿಲ್ಲಿಸಿದ್ದವು. ಆಡುತ್ತಿದ್ದದ್ದು ಒಂದೇ ಆಟ. ಗೋದಾಮು, ಓಣಿ, ಮೆಟ್ಟಿಲುಗಳಲ್ಲಿ ಬಂದೂಕು ಹಿಡಿದು ಒಬ್ಬರನ್ನೊಬ್ಬರು ಹುಡುಕಿ ಹೊಡೆಯುವ ಆಟ. ಆರೂ ಮಶೀನುಗಳನ್ನು ವಯರಿನಿಂದ ಜೋಡಿಸಿದ್ದರಿಂದ ಆರು ಮಂದಿಯೂ ಒಂದೇ ಗೋದಾಮಿನೊಳಗೆ ಓಡಾಡುತ್ತಿದ್ದರು. ಬರುವವರು ಹುಡುಗರೆಂದು ತಿಳಿಯಬೇಡಿ. ನೌಕರಿ ಮುಗಿಸಿ ಬರುವ ದೊಡ್ಡವರೇ ನನ್ನ ಕಾಯಂ ಗಿರಾಕಿಗಳು.

ಆಟದ ಕೆಳಗೆ ಅದನ್ನು ನಡೆಸುವ ಒಂದು ಎಂಜಿನ್ ಇರುತ್ತದೆ. ಅದಕ್ಕೆ ರೇಡಿಯೋಕ್ಕೆ ಇದ್ದಂತೆ ತಿರುಗಿಸುವ ಗುಂಡಿಗಳು, ಆದರೆ ನೂರಾರು, ಮತ್ತು ಕಣ್ಣಿಗೆ ಕಾಣದವು. ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ಅಂಕಿ. ಪರದೆಯ ಬೆಳಕು ಎಷ್ಟು, ಮೌಸ್ ಎಷ್ಟು ಚುರುಕು, ನೋಟ ಎಷ್ಟು ಅಗಲ. ಕೀಬೋರ್ಡಿನ ಎಡಮೂಲೆಯ ಒಂದು ಕೀಲಿ ಒತ್ತಿದರೆ ಮೇಲಿನಿಂದ ಬೂದುಬಣ್ಣದ ಒಂದು ತೆರೆ ಇಳಿಯುತ್ತಿತ್ತು. ಅಲ್ಲಿ ಗುಂಡಿಯ ಹೆಸರು ಬರೆದು, ಬಾಜು ಅಂಕಿ ಬರೆದರೆ ಕೆಲಸ ಆಯಿತು. ಆಟ ಮುಚ್ಚುವಾಗ ಎಂಜಿನ್ ಈ ಅಂಕಿಗಳನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಟ್ಟು, ಮುಂದಿನ ಸಲ ಅದನ್ನೇ ಓದಿಕೊಂಡು ಏಳುತ್ತಿತ್ತು.

ಜಗಳ ಹುಟ್ಟುತ್ತಿದ್ದದ್ದು ಅಲ್ಲೇ. ಒಬ್ಬನು ತನ್ನ ಕೈಗೆ, ಕಣ್ಣಿಗೆ ಹೊಂದುವಂತೆ ತಿರುಗಿಸಿಟ್ಟು ಹೋದದ್ದು ಅವನ ನಂತರ ಕೂತವನ ಪಾಲಿಗೆ ಬರುತ್ತಿತ್ತು. ಅನಗೋಳದ ವಿನಾಯಕ ಎಂಬ ವಿಮೆ ಏಜೆಂಟ್ ಒಬ್ಬ ಬರುತ್ತಿದ್ದ, ಬಾಯಿ ಜೋರು.

"ಮಾಲಕ್ರ, ಯಾರ ಕುಂತ ಎದ್ದ ಹೋಗ್ಯಾರ ಇಲ್ಲಿ? ಮೌಸ್ ಮುಟ್ಟಿದ್ರ ಗಿರಿಗಿರಿ ತಿರಗತೈತಿ. ಮ್ಯಾಲ ಗ್ವಾಡಿಗೆಲ್ಲಾ ಸುಣ್ಣಾ ಹೊಡದಂಗ ಬೆಳ್ಳಗ ಆಗೇತಿ. ಇದು ಆಟಾನೋ ಏನ ಲಗ್ನದ ಮನಿಯೋ?"

"ಸುಣ್ಣದ ಗಿರಾಕಿ ನಾನರೀ," ಎಂದ ಯಲ್ಲಪ್ಪ, ನಾಚಿಕೊಂಡು.

ಯಲ್ಲಪ್ಪ ಖಾನಾಪುರದವನು. ಮಚ್ಛೆಯ ಒಂದು ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇಥ್ ನಡೆಸುತ್ತಿದ್ದ. ಮೊದಲ ಪಾಳಿ ಮುಗಿಸಿ ನಾಲ್ಕರ ಸುಮಾರಿಗೆ ನನ್ನಲ್ಲಿಗೆ ಬಂದು, ಒಂದೂವರೆ ತಾಸು ಆಡಿ, ಸಂಜೆಯ ರೈಲು ಹಿಡಿದು ಊರಿಗೆ ಹೋಗುವವನು. ನನಗಿಂತ ಎರಡು ವರ್ಷ ದೊಡ್ಡವನು, ಮೂವತ್ತನಾಲ್ಕಿರಬೇಕು. ಮೂಲೆಯ ನಾಲ್ಕನೆಯ ಮಶೀನು ಅವನದು. ಅವನಷ್ಟು ಚೆನ್ನಾಗಿ ಆಡುವವರು ಬೆಳಗಾವಿಯಲ್ಲೇ ಇಲ್ಲವೆಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಅವನ ಹೆಸರಿಗೇ ಕೆಲವರು ಬರುತ್ತಿದ್ದರು.

ವ್ಯಾಪಾರಸ್ಥನಾದ ನಾನು ಜಗಳಕ್ಕೆ ಒಂದು ಉಪಾಯ ಕಂಡುಕೊಂಡೆ. ಎರಡು ಮಧ್ಯಾಹ್ನ ಕೂತು ಒಬ್ಬೊಬ್ಬ ಕಾಯಂ ಗಿರಾಕಿಗೆ ಒಂದೊಂದು ಫೈಲು ಮಾಡಿ ಫ್ಲಾಪಿಗೆ ಹಾಕಿಟ್ಟೆ. ಯಲ್ಲಪ್ಪ ಬಂದರೆ ಯಲ್ಲಪ್ಪನ ಫೈಲು ಓದಿಸುವುದು, ವಿನಾಯಕ ಬಂದರೆ ವಿನಾಯಕನದು. ಬೂದು ತೆರೆ ಇಳಿಸುವ ಕೀಲಿಯನ್ನು ಗಿರಾಕಿಗಳಿಗೆ ಬಂದ್ ಮಾಡಿ ನನ್ನ ಕೈಯಲ್ಲಷ್ಟೇ ಇಟ್ಟುಕೊಂಡೆ. ಅಂಕಿ ಕಂಡರೆ ಜನ ಹೋಲಿಸುತ್ತಾರೆ, "ಅವನಿಗೆ ಐದು, ನನಗ್ಯಾಕ ಮೂರು?" ಅನ್ನುತ್ತಾರೆ. ಯಾರಿಗೂ ಯಾರ ಅಂಕಿಯೂ ಕಾಣಬಾರದು, ತನ್ನದೂ ಕಾಣಬಾರದು. ಏನು ಬೇಕೋ ಮಾಲಕನಿಗೆ ಹೇಳಿ ಎಂದು ಗೋಡೆಗೆ ಚೀಟಿ ಹಚ್ಚಿದೆ. ಬದಲಾಯಿಸಿದಾಗಲೆಲ್ಲ ವಹಿಯಲ್ಲಿ ತಾರೀಖು, ಹೆಸರು, ಮೊದಲಿನ ಅಂಕಿ, ಈಗಿನ ಅಂಕಿ ಬರೆದಿಡುತ್ತಿದ್ದೆ. ನಾಳೆ ಯಾರಾದರೂ ತಕರಾರು ತೆಗೆದರೆ ನನ್ನ ಕೈಯಲ್ಲಿ ಕಾಗದ ಇರಬೇಕಲ್ಲ.

ಜೂನಿನಲ್ಲಿ ಯಲ್ಲಪ್ಪ ಮೊದಲ ಸಲ ಕೇಳಿದ. "ಮಾಲಕ್ರ, ಮೆಟ್ಟಿಲದಾಗ ನಿಂತಾವ ಕಾಣವಲ್ಲ. ಒಂಚೂರು ಬೆಳಕ ಹೆಚ್ಚ ಮಾಡ್ರಿ."

ಹೊಸ ಫೈಲುಗಳಲ್ಲಿ ಬೆಳಕಿನ ಗುಂಡಿಯನ್ನು ಎಲ್ಲರಿಗೂ ಒಂದಕ್ಕೇ ಇಟ್ಟಿದ್ದೆ. ಅವನದನ್ನು ಒಂದೂಕಾಲು ಮಾಡಿದೆ. ಹದಿನೈದು ದಿನಕ್ಕೆ ಮತ್ತೆ ಕೇಳಿದ, ಒಂದೂವರೆ ಆಯಿತು. ಆ ಎರಡನೆಯ ಸಲ ಕೇಳುವಾಗಲೇ ಅವನಿಗೆ ಸಂಕೋಚವಾದದ್ದು ಕಂಡಿತು. ಸಂತೆಯಲ್ಲಿ ಕಾಯಿಪಲ್ಲೆ ತೂಗಿದ ಮೇಲೆ ಬಾಯಿಬಿಟ್ಟು ಕೇಳುವ ಮೊದಲೇ ಮೇಲೊಂದು ಹಿಡಿ ಹಾಕಿದರೆ ಗಿರಾಕಿ ಮುಂದಿನ ವಾರವೂ ಅಲ್ಲಿಗೇ ಬರುತ್ತಾನೆ. ನಾನು ಹುಟ್ಟಿದ ಮನೆಯ ಧಂದೆಯೇ ಅದು. ನನ್ನ ಅವ್ವ ಕೊಸರು ಹಾಕಿಯೇ ನಮ್ಮನ್ನು ಸಾಕಿದವಳು. ಹಾಗಾಗಿ ಅಲ್ಲಿಂದ ಮುಂದೆ ಯಲ್ಲಪ್ಪ ಕೇಳುವ ದಾರಿ ನೋಡಲಿಲ್ಲ. ಅವನು ಪರದೆಗೆ ಮೂಗು ಹತ್ತಿರ ಒಯ್ಯುವುದು ಕಂಡರೆ ಸಾಕು, ಮರುದಿನ ಅವನು ಬರುವ ಮೊದಲೇ ಬೆಳಕನ್ನು ಒಂದು ಹಿಡಿ ಏರಿಸಿಡುತ್ತಿದ್ದೆ. ಹೇಳುತ್ತಲೂ ಇರಲಿಲ್ಲ. ಅವನು ಬಂದು ಕೂತು, ಒಂದು ನಿಮಿಷ ನೋಡಿ, "ಇವತ್ತ ಛೊಲೋ ಐತ್ರಿ" ಅನ್ನುತ್ತಿದ್ದ. ನನಗೆ ಅದು ಸಾಕಾಗುತ್ತಿತ್ತು.

ಜುಲೈಯ ಮಳೆ ಹಿಡಿದು ಹೊಯ್ಯುತ್ತಿದ್ದಾಗ ಅವನು ಹೊಸ ಬಗೆಯಲ್ಲಿ ಹೊಡೆಸಿಕೊಳ್ಳತೊಡಗಿದ. ಎದುರಿಗೆ ಬಂದವನನ್ನು ಬಿಡುತ್ತಿರಲಿಲ್ಲ, ಆದರೆ ಬಾಜುವಿನಿಂದ ಬಂದವನು ಸುಮ್ಮನೆ ಹೊಡೆದು ಹೋಗುತ್ತಿದ್ದ.

"ಯಲ್ಲಪ್ಪಣ್ಣಾ," ಎಂದ ವಿನಾಯಕ, "ಟಾಂಗಾದ ಕುದರಿಗಿ ಕಟ್ಟತಾರಲ್ಲ, ಹಂಗ ಕಣ್ಣಿಗಿ ಪಟ್ಟಿ ಕಟಗೊಂಡ ಬಂದಿಯೇನ? ನಿನ್ನ ಬಗಲಾಗ ನಿಂತ ಕೆಮ್ಮಿದ್ರೂ ನೋಡವಲ್ಲಿ."

"ನೀ ಕೆಮ್ಮಿದ್ರ ಕೇಳಸತೈತಿ ಬಿಡಪಾ. ಆಟದಾಗಿನ ಮಂದಿ ಕೆಮ್ಮೂದಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಮತ್ತು ಅವತ್ತೇ ಇನ್ನೊಂದು ಗುಂಡಿಗೆ ಕೈ ಹಾಕಿದೆ. ನೋಟದ ಅಗಲ ತೊಂಬತ್ತಕ್ಕೆ ಇರುತ್ತದೆ. ಅದನ್ನು ನೂರು, ನೂರಹತ್ತು ಮಾಡಿದರೆ ಎರಡೂ ಬಾಜುವಿನ ಗೋಡೆಗಳು ಒತ್ತಿಕೊಂಡು ಪರದೆಯ ನಡುವಿಗೆ ಬರುತ್ತವೆ. ಎಲ್ಲಾ ಸಣ್ಣದಾಗಿ ಕಾಣುತ್ತದೆ, ಆದರೆ ಬಗಲಲ್ಲಿ ನಿಂತವನೂ ಕಣ್ಣೆದುರಿಗೇ ಇರುತ್ತಾನೆ. ಯಲ್ಲಪ್ಪ ಮತ್ತೆ ಗೆಲ್ಲತೊಡಗಿದ. ಆಟದ ಸಂಗೀತವನ್ನು ಸೊನ್ನೆಗೆ ಇಳಿಸಿ, ಹೆಜ್ಜೆಯ ಸಪ್ಪಳವನ್ನು ಪೂರ್ತಿ ಏರಿಸಿಕೊಟ್ಟೆ. ಹೆಡ್‌ಫೋನ್ ಹಾಕಿಕೊಂಡು ತಲೆ ಓರೆ ಮಾಡಿ ಕೂತರೆ ಯಾವ ಮೆಟ್ಟಿಲಲ್ಲಿ ಯಾರು ಬರುತ್ತಿದ್ದಾರೆಂದು ಹೇಳುತ್ತಿದ್ದ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಶ್ರಾವಣದ ಒಂದು ದಿನ ಹನ್ನೊಂದು ಗಂಟೆಗೆ, ಅಂಗಡಿಯಲ್ಲಿ ಯಾರೂ ಇಲ್ಲದಾಗ, ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ಬಂದು ನಿಂತಳು. ಕೊಡೆಯಿಂದ ನೀರು ಸುರಿಯುತ್ತಿತ್ತು. ಒಳಗೆ ಬರಲು ಅನುಮಾನಿಸುತ್ತ, ಯಲ್ಲಪ್ಪನ ಹೆಂಡತಿ ರೇಣುಕಾ ಎಂದು ಹೇಳಿಕೊಂಡಳು.

"ಬರ್ರಿ ವೈನಿ, ಕುಂದರ್ರಿ," ಅಂದೆ.

ಕೂಡಲಿಲ್ಲ. "ಅಣ್ಣಾರ, ನಿಮ್ಮನ್ನ ಒಂದ ಮಾತ ಕೇಳಾಕ ಬಂದೇನಿ. ಅವರಿಗಿ ಹೇಳಬ್ಯಾಡ್ರಿ. ಇಲ್ಲಿ ಆಡೋವಾಗ ಅವರಿಗಿ ಸರಿ ಕಾಣಸತೈತೇನ್ರಿ?"

"ಯಾಕ್ರಿ?"

"ಮನ್ಯಾಗ ತಾಟಿನ ಬಾಜುಕ ಇಟ್ಟ ತಂಬಗಿ ಒದೀತಾರ. ನಾ ಬಗಲಾಗ ನಿಂತ ಚಾ ಹಿಡದ್ರ ಸುಮ್ಮ ಕುಂತಿರತಾರ. ಬಾಗಲ ಚೌಕಟ್ಟಿಗಿ ಹಾಯತಾರ. ದವಾಖಾನಿಗಿ ಹೋಗೂಣು ಅಂದ್ರ ನನಗ ಹುಚ್ಚ ಖುಳಿ ಅಂತಾರ. ನಮ್ಮ ಮಾಂವನವರೂ ಕಡೀಕ ಕಣ್ಣ ಕಾಣದಂಗಾಗೆ ಹ್ವಾದರ್ರಿ. ವಯಸ್ಸ ಆಗಿತ್ತು ಅಂದ್ರು ಎಲ್ಲಾರೂ. ಇವರಿಗೆಲ್ಲಿ ವಯಸ್ಸ?"

ನಾನು ಹೇಳಬಹುದಿತ್ತು. ವಹಿ ಕೈಯಳತೆಯಲ್ಲೇ ಇತ್ತು. ಅಷ್ಟರಲ್ಲಿ ಬೆಳಕು ಎರಡಕ್ಕೆ ಹೋಗಿತ್ತು, ಅಗಲ ನೂರಿಪ್ಪತ್ತು. ಆದರೆ ಮುಂದಿನ ವಾರ ಕ್ಯಾಂಪ್ ಬಡಾವಣೆಯ ಇನ್ನೊಂದು ಆಟದ ಅಂಗಡಿಯವರ ಜೊತೆ ಪಂದ್ಯ ಕಟ್ಟಿದ್ದೆ, ಯಲ್ಲಪ್ಪನ ಮೇಲೆಯೇ ಕಟ್ಟಿದ್ದೆ. ಜೊತೆಗೆ ಇನ್ನೊಂದು ಅಂಜಿಕೆ. ಕಂಪ್ಯೂಟರಿನಿಂದ ಕಣ್ಣು ಹೋಗುತ್ತದೆ ಎಂದು ಒಮ್ಮೆ ಮಾತು ಹಬ್ಬಿದರೆ ಈ ಓಣಿಯಲ್ಲಿ ನನ್ನ ಬಾಗಿಲು ತೆರೆಯುವಂತಿರಲಿಲ್ಲ.

"ವೈನಿ, ಅವರು ಇಲ್ಲಿ ಒಂದನೇ ನಂಬರ್ ಆಡತಾರ. ಕಣ್ಣಿಲ್ಲದವ್ರು ಹಂಗ ಆಡಾಕ ಬರೂದಿಲ್ಲ. ದಣದಿರತಾರ, ಅಷ್ಟ."

ಅವಳ ಮುಖ ಎಷ್ಟು ಹಗುರಾಯಿತೆಂದರೆ, ನಾನು ಹೇಳಿದ್ದು ಖರೇ ಇರಬಹುದೆಂದು ನನಗೂ ಅನಿಸಿತು. "ಹಂಗಂದ್ರ ಛೊಲೋ ಆತ್ರಿ ಅಣ್ಣಾರ," ಎಂದು ಹೋದಳು.

ಪಂದ್ಯ ಗೆದ್ದೆವು.

ಗಣೇಶ ಚೌತಿ ಮುಗಿದ ಮರುವಾರ ಯಲ್ಲಪ್ಪ ಮತ್ತೆ ತಾನಾಗಿ ಕೇಳಿದ. "ಇನ್ನೂ ಒಂಚೂರು ಏರಸ್ರಿ." ಬೆಳಕು ಆಗಲೇ ಮೂರಕ್ಕಿತ್ತು. ಮೂರೂವರೆ ಬರೆದೆ. ಎಂಜಿನ್ ಒಪ್ಪಲಿಲ್ಲ, ನಾವು ಎಷ್ಟೇ ಬರೆದರೂ ಕೆಲವು ಗುಂಡಿಗಳಿಗೆ ಅದು ತನ್ನದೇ ಗಡಿ ಇಟ್ಟುಕೊಂಡಿರುತ್ತದೆ. ಒಂದು ಮಾತೂ ಆಡದೆ ಮತ್ತೆ ಮೂರಕ್ಕೇ ತಂದಿಟ್ಟಿತು. ನಾಲ್ಕು ಬರೆದೆ. ಮತ್ತೆ ಮೂರು.

"ಇದರ ಮ್ಯಾಲ ಇಲ್ಲೇನ್ರಿ?"

"ಇಲ್ಲ. ಇದ ಕಡೀದು."

ಅವನು ಮೂಗನ್ನು ಪರದೆಗೆ ಇನ್ನಷ್ಟು ಹತ್ತಿರ ಒಯ್ದ. ಅದನ್ನು ನೋಡಲಾಗದೆ ನಾನು ಬಗ್ಗಿ, ಮಾನಿಟರಿನ ಕೆಳಗಿದ್ದ ನಿಜವಾದ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ. "ಹಾಂ, ಈಗ ಛೊಲೋ ಆತು," ಎಂದ.

ಅವನು ರೈಲಿಗೆ ಹೋದ ಮೇಲೆ ನಾನು ಅವನ ಕುರ್ಚಿಯಲ್ಲಿ ಕೂತೆ. ಆ ಫೈಲಿನೊಳಗೆ ಕೂತು ನೋಡಿದ್ದು ಅದೇ ಮೊದಲು. ಗೋಡೆ, ನೆಲ, ಮೆಟ್ಟಿಲು ಎಲ್ಲಾ ಒಂದೇ ಬಿಳುಪು. ನೆರಳೇ ಇಲ್ಲ. ನಡುವೆ ಎಲ್ಲಾ ಕುಗ್ಗಿ ದೂರ ಸರಿದಿತ್ತು, ಅಂಚುಗಳು ಜಗ್ಗಿದ್ದವು. ಎರಡು ನಿಮಿಷಕ್ಕೆ ನಾನು ಕಣ್ಣು ಮುಚ್ಚಿಕೊಂಡೆ. ಇದನ್ನು ಛೊಲೋ ಐತಿ ಅನ್ನುವ ಕಣ್ಣು ಎಂಥದು ಎಂಬುದು ಆಗ ಹೊಳೆಯಿತು. ಹೊಳೆದರೂ, ನಾಳೆ ಬಂದಾಗ ಹೇಳಿದರಾಯಿತು ಎಂದು ಎದ್ದೆ. ನಾಳೆ ಬಂದ, ಹೇಳಲಿಲ್ಲ. ನಾಡಿದ್ದೂ ಬಂದ.

ಹತ್ತು ದಿನಕ್ಕೆ ಕಾರ್ಖಾನೆಯಲ್ಲಿ, ಎಡಗಡೆಯಿಂದ ಬರುತ್ತಿದ್ದ ಕಬ್ಬಿಣ ತುಂಬಿದ ಗಾಡಿಯ ದಾರಿಗೆ ಅವನು ಹೆಜ್ಜೆ ಇಟ್ಟ. ನೂಕುತ್ತಿದ್ದವರು ಕೂಗಿದ್ದರಂತೆ. ಹತ್ತು ಲೇಥ್ ಒಟ್ಟಿಗೆ ತಿರುಗುವಲ್ಲಿ ಅವನ ಕಿವಿಯೂ ಅವನ ಸಹಾಯಕ್ಕೆ ಬರಲಿಲ್ಲ. ಎಡಗಾಲಿನ ಪಾದ ಜಜ್ಜಿತು. ದವಾಖಾನೆಯಲ್ಲಿ ಡಾಕ್ಟರು ಕಾಲು ಕಟ್ಟುತ್ತ, ಅಷ್ಟು ದೊಡ್ಡ ಗಾಡಿ ಕಾಣಲಿಲ್ಲವೇ ಎಂದು ಕೇಳಿ, ಅವನ ಕಿವಿಯ ಬಾಜು ಬೆರಳು ಆಡಿಸಿ ನೋಡಿದರಂತೆ. ಅವನು ಎದುರಿಗೇ ನೋಡುತ್ತ ಕೂತಿದ್ದನಂತೆ.

ಈ ಸುದ್ದಿ ತಂದವನು ವಿನಾಯಕ. ಆ ವಾರ ಅವನೂ ಜೋರಾಗಿ ಮಾತಾಡಲಿಲ್ಲ. ನಾಲ್ಕನೆಯ ಮಶೀನು ಹಚ್ಚಿದರೆ ತಾನಾಗಿ ಯಲ್ಲಪ್ಪನ ಫೈಲು ಓದಿಕೊಂಡು ಅವನ ಹೆಸರಲ್ಲಿ ಆಟಕ್ಕಿಳಿಯುವಂತೆ, ಅವನಿಗೆ ಕಾಯುವುದು ಬೇಡವೆಂದು, ನಾನೇ ಮಾಡಿಟ್ಟಿದ್ದೆ. ಆರೂ ಮಶೀನುಗಳನ್ನು ಒಟ್ಟಿಗೆ ಹಚ್ಚುವ ರೂಢಿ ನನ್ನದು. ಹಾಗಾಗಿ ದಿನಾ ಮಧ್ಯಾಹ್ನ ಉಳಿದ ಐದು ಪರದೆಗಳಲ್ಲೂ ಯಲ್ಲಪ್ಪ ಬಂದನೆಂದು ಹೆಸರು ಮೂಡುತ್ತಿತ್ತು. ಕುರ್ಚಿ ಖಾಲಿ. ಆಟದೊಳಗೆ ಗೋದಾಮಿನ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ, ತಲೆಯ ಮೇಲೆ ಆ ಹೆಸರು ಹೊತ್ತು ಒಬ್ಬನು ನಿಂತಿರುತ್ತಿದ್ದ. ಯಾರೂ ಅವನನ್ನು ಹೊಡೆಯುತ್ತಿರಲಿಲ್ಲ. ಅವನ ಬೆನ್ನ ಹಿಂದೆ ಬಂದವರು ಬಂದೂಕು ಕೆಳಗಿಳಿಸಿ ಸುತ್ತುಹಾಕಿ ಹೋಗುತ್ತಿದ್ದರು. ಆ ಫೈಲು ಓದಿಸುವ ಎರಡು ಸಾಲು ಅಳಿಸಿದ್ದರೆ ಅವನು ಬರುತ್ತಿರಲಿಲ್ಲ. ನನ್ನ ಬೆರಳು ಅಲ್ಲಿಗೆ ಹೋಗಲಿಲ್ಲ.

ಅಕ್ಟೋಬರಿನಲ್ಲಿ ರೇಣುಕಾ ಮತ್ತೆ ಬಂದಳು. ಈ ಸಲ ಕೇಳದೆಯೇ ಕೂತಳು.

"ಕಣ್ಣಿನ ಒಳಗ ಒತ್ತಡ ಹೆಚ್ಚಾಗಿ ನರಾ ಒಣಗತಾವಂತ್ರಿ, ಬಾಜುವಿಂದ. ಹೋಗಿದ್ದು ತಿರಗಿ ಬರೂದಿಲ್ಲಂತ. ಉಳದದ್ದ ಉಳಸಾಕ ಔಷಧ ಐತಂತ. ಎಷ್ಟ ಜೋರ ಹೊಂಟೈತಿ ತಿಳದ್ರ ಔಷಧ ಯಾವದು ಕೊಡಬೇಕಂತ ಗೊತ್ತಾಗತೈತಿ, ಯಾವಾಗಿಂದ ಅಂತ ಕೇಳತಾರ ಡಾಕ್ಟರು. ಇವರು ಹೇಳತಾರ, ಮೊನ್ನಿ ತನಕಾ ಏನೂ ಆಗಿದ್ದಿಲ್ಲ, ಅಂಗಡ್ಯಾಗ ಜೂನದಾಗ ಹೆಂಗ ಕಾಣತಿತ್ತು, ಕಾಲಿಗಿ ಪೆಟ್ಟ ಬೀಳೂ ಹಿಂದಿನ ದಿನಾನೂ ಹಂಗ ಕಾಣತಿತ್ತು ಅಂತ. ಹೌದೇನ್ರಿ ಅಣ್ಣಾರ?"

ತನ್ನ ಕಣ್ಣಿಗೆ ಅವನು ನನ್ನ ಪರದೆಯನ್ನೇ ಅಳತೆಗೋಲು ಮಾಡಿಕೊಂಡಿದ್ದ. ಅಳತೆಗೋಲನ್ನು ನಾನು ದಿನದಿನಕ್ಕೆ ಜಗ್ಗುತ್ತಿದ್ದೆ.

"ನಾಳಿ ನಾನ ಬರತೇನಿ, ವೈನಿ," ಎಂದಷ್ಟೇ ಅಂದೆ.

ಮರುದಿನ ಅಂಗಡಿ ತೆರೆಯದೆ, ವಹಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೆಳಗಿನ ರೈಲು ಹತ್ತಿದೆ. ಖಾನಾಪುರದಲ್ಲಿ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಯಲ್ಲಪ್ಪ ಅಂಗಳದಲ್ಲಿ ಕಾಲು ಚಾಚಿ ಕೂತಿದ್ದ. ನಾನು ಬಾಜುವಿನಿಂದ ಬಂದೆ, ಅವನು ನೋಡಲಿಲ್ಲ. ಎದುರಿಗೆ ಹೋಗಿ ನಿಂತ ಮೇಲೆ, "ಅರೆ, ಮಾಲಕ್ರ, ಬರ್ರಿ ಬರ್ರಿ," ಎಂದು ನಕ್ಕ.

ನಾನು ವಹಿ ತೆಗೆದು ರೇಣುಕಾಳ ಕೈಗೆ ಕೊಟ್ಟೆ. ಅವಳು ಓದುತ್ತ ಹೋದಳು, ತಾರೀಖು, ಅಂಕಿ, ತಾರೀಖು, ಅಂಕಿ. ಯಾವ ಅಂಕಿ ಏನೆಂದು ನಾನು ನಡುನಡುವೆ ಬಿಡಿಸಿ ಹೇಳಿದೆ. ಶ್ರಾವಣದ ತಾರೀಖಿಗೆ ಬಂದಾಗ ಅವಳು ತಲೆಯೆತ್ತಿ ನನ್ನನ್ನು ನೋಡಿ, ಮತ್ತೆ ತಗ್ಗಿಸಿ ಓದಿದಳು. ಓದಿ ಮುಗಿಯಿತು.

ಯಲ್ಲಪ್ಪ ಕೇಳಿದ: "ಬೆಳಕ ಎಷ್ಟ ಸರ್ತಿ ಏರಿಸೀರಿ?"

"ಹನ್ನೊಂದ ಸರ್ತಿ."

"ನಾ ಕೇಳಿದ್ದು ಮೂರ ಸರ್ತಿ. ನೆಪ್ಪೈತಿ ನನಗ. ಕೇಳಾಕ ನಾಚಿಕಿ ಆಗತಿತ್ತು."

"ಉಳದ ಎಂಟು ನಾನ ಏರಿಸಿದ್ದು."

"ಯಾಕ್ರಿ?"

"ನಿಮಗ ತ್ರಾಸ ಆಗಬಾರದಂತ."

ಅವನು ತನ್ನ ಕಟ್ಟು ಹಾಕಿದ ಪಾದದ ಕಡೆ ತಲೆ ತಿರುಗಿಸಿ, ಅದು ನೋಟದ ನಡುವಿಗೆ ಬರುವವರೆಗೆ ಕಾದು, ನೋಡಿದ.

"ಒಂದ ಸರ್ತಿ ತ್ರಾಸ ಆಗಬೇಕಿತ್ರಿ, ಮಾಲಕ್ರ."

ಬೈಯಲಿಲ್ಲ. ಚಾ ಕುಡಿಸಿಯೇ ಕಳಿಸಿದರು. ವಹಿಯನ್ನು ಅವರೇ ಇಟ್ಟುಕೊಂಡು ಡಾಕ್ಟರಿಗೆ ತೋರಿಸಿದರು. ಇದು ಒಂದು ಮಳೆಗಾಲದ ರೋಗವಲ್ಲ, ವರ್ಷಗಳಿಂದ ಒಳಗೇ ಇದ್ದದ್ದು, ಜೂನಿನಲ್ಲೇ ಬಂದಿದ್ದರೆ ಇನ್ನಷ್ಟು ಉಳಿಯುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ಎಡಗಣ್ಣು ಹೋಯಿತು. ಬಲಗಣ್ಣಿನ ನಡುವೆ ಒಂದು ಬೊಗಸೆಯಷ್ಟು ನೋಟ ನಿಂತಿತು. ಲೇಥಿಗೆ ಅವನು ಮತ್ತೆ ಹೋಗಲಿಲ್ಲ. ನಾನು ದೀಪಾವಳಿಗೆ ಮೊದಲೇ ಅಂಗಡಿ ಮಾರಿದೆ. ಕೊಂಡವನು ನಾಲ್ಕನೆಯ ಮಶೀನಿನಲ್ಲಿ ಇದ್ದದ್ದನ್ನೆಲ್ಲ ಒರೆಸಿ ಹೊಸದಾಗಿ ಹಾಕಿಕೊಂಡನೆಂದು ಕೇಳಿದೆ.

ಇಷ್ಟು ಓದಿದ ನಿಮಗೆ ನನ್ನಿಂದ ಆಗುವ ಉಪಕಾರ ಕೆಲವು ಮಾತು. ಅಂಗಡಿಯಾಗಲಿ ಆಫೀಸಾಗಲಿ, ನಾಲ್ಕು ಜನ ಬಳಸುವ ಮಶೀನಿದ್ದರೆ ಒಬ್ಬೊಬ್ಬರಿಗೆ ಒಂದೊಂದು ಫೈಲು ಮಾಡಿಕೊಡಿ, ಅದು ಒಳ್ಳೆಯ ಪದ್ಧತಿಯೇ. ಆದರೆ ಅದರ ಅಂಕಿಗಳನ್ನು ಅವರಿಂದ ಮುಚ್ಚಿಡಬೇಡಿ. ಏರಿಸಿದರೆ ಏರಿಸಿದೆ ಎಂದು ಹೇಳಿ, ಮೊದಲು ಎಷ್ಟಿತ್ತು ಅದನ್ನೂ ಹೇಳಿ. ರಕ್ತಸಂಬಂಧದಲ್ಲಿ ಯಾರಿಗಾದರೂ ವಯಸ್ಸಿನಿಂದ ಕಣ್ಣು ಹೋಯಿತು ಎಂಬ ಮಾತಿದ್ದರೆ ಅದನ್ನು ಅಲ್ಲಿಗೇ ಬಿಡಬೇಡಿ. ವರ್ಷಕ್ಕೊಮ್ಮೆ ಕಣ್ಣಿನ ಒತ್ತಡ ಅಳೆಸಿ, ಬಾಜುವಿನ ನೋಟ ಪರೀಕ್ಷೆ ಮಾಡಿಸಿ. ಅಕ್ಷರ ಓದಿಸಿ ಚಷ್ಮಾ ಕೊಡುವವರಲ್ಲಿ ಇದು ತಿಳಿಯುವುದಿಲ್ಲ, ಕಣ್ಣಿನ ಡಾಕ್ಟರಲ್ಲಿಗೇ ಹೋಗಿ. ಮತ್ತು ಮನೆಯಲ್ಲಿ ಯಾರಾದರೂ ಈ ಬಲ್ಬಿನ ಬೆಳಕು ಸಾಲದು ಎಂದರೆ, ದೊಡ್ಡ ಬಲ್ಬು ತರಲು ಅಂಗಡಿಗೆ ಓಡುವ ಮೊದಲು ಮನೆಯ ಉಳಿದವರನ್ನು ಕೂಗಿ ಕರೆದು ಅದೇ ಬಲ್ಬಿನ ಕೆಳಗೆ ನಿಲ್ಲಿಸಿ ಕೇಳಿ: ನಿಮಗೂ ಸಾಲುತ್ತಿಲ್ಲವೇ?